ಊರೇ ಸಾಕಿದ ನಾಯಿ



ನಾಯಿಗೆ ಒಡೆಯನಿರುವುದು ಸಹಜ. ಒಡೆಯನಿಲ್ಲದ ನಾಯಿಯೂ ಅಪರೂಪವಲ್ಲ. ಆದರೆ ಒಂದು ನಾಯಿಗೆ ಊರಿಗೆ ಊರೇ ಒಡೆಯನಾಗುವುದು ವಿರಳವಾದ ಸಂಗತಿ. ಬೆಳಗಿನ ಹೊತ್ತು ಹಾಲಿನವನ ಹಿಂದೆಯೂ ಮಧ್ಯಾಹ್ನ ಎಂಜಲೆಲೆಯ ಬಳಿಯೂ ಸುಳಿದಾಡುವ ನಾಯಿಯನ್ನು ಕುರಿತು ಯಾರಾದರೂ ‘ಇದು ಯಾರದು?’ ಎಂದು ಕೇಳಿದರೆ, ‘ಯಾರದೂ ಅಲ್ಲ, ಬೀದಿಯದು’ ಎಂದು ಉತ್ತರ ಕೊಡುತ್ತೇವೆ. ಬೀದಿಯದು ಎಂದರೆ ಎಲ್ಲರದು ಎಂದು ಅರ್ಥವೋ, ಯಾರದೂ ಅಲ್ಲವೆಂದು ಅರ್ಥವೋ? ಕೇಳುವುದಕ್ಕೆ ಹಗುರವಾದ ಈ ಪ್ರಶ್ನೆ ಬಿಡಿಸಹೋದರೆ ಅಷ್ಟು ಹಗುರವಲ್ಲ. ಅದನ್ನು ಬಿಡಿಸುವುದಕ್ಕೆ ಸಹಾಯವಾದೀತೆಂದು, ಅಮೆರಿಕದ ಪಶ್ಚಿಮ ತೀರದ ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ 1860ರಿಂದ 1865ರವರೆಗೆ ಪ್ರಸಿದ್ಧವಾಗಿ ಬಾಳಿದ ಬಮ್ಮರ್ ಎಂಬ ಬೀದಿನಾಯಿಯ ಚರಿತ್ರೆಯನ್ನೂ, ಅದರ ಜೊತೆಗಾರನಾದ ಲಾಜರಸ್ ಎಂಬ ನಾಯಿಯ ಚರಿತ್ರೆಯನ್ನೂ ತಮ್ಮ ಮುಂದೆ ಇಡುತ್ತೇನೆ.

ಮೊದಲು ಆ ಊರಿನ ಸ್ಥಿತಿಯನ್ನು ಕೊಂಚ ತಿಳಿಯಬೇಕು. 1848ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ಮರ ಕೊಯ್ಯುವ ಕಾರ್ಖಾನೆಯೊಂದರ ಕಾಲುವೆಯಲ್ಲಿ ಚಿನ್ನದ ತುಣುಕುಗಳು ಕಾಣಿಸಿದುವು. ಆ ಕಾಲಕ್ಕೆ ಸಾನ್ ಫ್ರಾನ್ಸಿಸ್ಕೋ ಎಂಬುದು ಸುಮಾರು ಒಂದು ಸಾವಿರ ಜನರಿದ್ದ ಕಡಲಂಚಿನ ಹಳ್ಳಿ. ಚಿನ್ನದ ಸುದ್ದಿ ಹಬ್ಬಿದುದೇ ತಡ, ಭೂಮಂಡಲದ ನಾನಾ ಭಾಗಗಳಿಂದ ಹಡಗುಗಳು ಅಲ್ಲಿಗೆ ನುಗ್ಗಿದುವು. 1860ರ ಜನಗಣತಿಯ ವೇಳೆಗೆ ಆ ಹಳ್ಳಿ 56,802 ಜನರ ನಗರವಾಗಿತ್ತು. ಬಂದ ಹಡಗುಗಳನ್ನು ನಾವಿಕರೇ ಬಿಟ್ಟು ಗಣಿಗಳ ಕಡೆಗೆ ಓಡಿದುದರಿಂದ, ಅನಾಥವಾದ ಹಡಗುಗಳಲ್ಲಿ ಕೆಲವನ್ನು ದಡಕ್ಕೆಳೆದು ಉಗ್ರಾಣಗಳನ್ನಾಗಿಯೂ ವಸತಿಗೃಹಗಳನ್ನಾಗಿಯೂ ಮಾಡಿಕೊಂಡರು. ಕೊಲ್ಲಿಯ ನೀರಿಗೆ ಮಣ್ಣನ್ನೂ ಕಸವನ್ನೂ ತುಂಬಿ ಅದರ ಮೇಲೆ ಬೀದಿಗಳನ್ನು ಹಾಕಿದರು. ನಮ್ಮ ಕಥೆ ನಡೆಯುವ ಮಾಂಟ್‌ಗಾಮರಿ ಬೀದಿಯು ಮೊದಲು ಆ ಕೊಲ್ಲಿಯ ಅಂಚಿನಲ್ಲಿಯೇ ಇದ್ದು, ಕಾಲಕ್ರಮದಲ್ಲಿ ಸಾಹುಕಾರರ, ಪತ್ರಿಕಾಲಯಗಳ, ಪಾನಗೃಹಗಳ ಬೀದಿಯಾಯಿತು.

ಹಡಗುಗಳಿಂದ ಇಳಿದವರು ಮನುಷ್ಯರು ಮಾತ್ರವಲ್ಲ, ಇಲಿಗಳೂ ಇಳಿದುವು. ಮರದ ಕಟ್ಟಡಗಳು, ಮರದ ಕಟ್ಟೆಗಳು, ತೆರೆದ ಧಾನ್ಯದ ಮೂಟೆಗಳು, ಎಲ್ಲೆಂದರಲ್ಲಿ ಬಿದ್ದ ಕೊಳೆ—ಇಲಿಗಳಿಗೆ ಇದಕ್ಕಿಂತ ಮಿಗಿಲಾದ ರಾಜ್ಯ ಬೇಕಿರಲಿಲ್ಲ. ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗು ಹರಡುವುದೆಂಬ ಸಂಗತಿ ಆಗ ಯಾರಿಗೂ ತಿಳಿದಿರಲಿಲ್ಲ. 1900ರಲ್ಲಿ ಅದೇ ನಗರಕ್ಕೆ ಪ್ಲೇಗು ಬಂತು. ಆದರೆ 1860ರ ವರ್ತಕನಿಗೆ ಇಲಿಯು ಸರಕನ್ನು ತಿನ್ನುವ ಕಳ್ಳನೆಂಬಷ್ಟು ಚೆನ್ನಾಗಿ ಗೊತ್ತಿತ್ತು.

ಇಲಿಗಳಂತೆಯೇ ನಾಯಿಗಳೂ ಹೆಚ್ಚಿದುವು. ಗಣಿಗೆ ಹೋಗುವವರು ಬಿಟ್ಟುಹೋದವು, ಹಡಗಿನಿಂದ ತಪ್ಪಿಸಿಕೊಂಡವು, ಬೀದಿಯಲ್ಲಿಯೇ ಹುಟ್ಟಿದವು—ಹೀಗೆ ಗುಂಪುಗುಂಪಾಗಿ ಅಲೆಯುತ್ತಿದ್ದುವು. ಆದುದರಿಂದ ನಗರದಲ್ಲಿ ಒಂದು ಶಾಸನವಿತ್ತು: ಅಲೆಯುವ ನಾಯಿಯನ್ನು ಹಿಡಿದು ದೊಡ್ಡಿಗೆ ಸೇರಿಸುವುದು; ಒಡೆಯನು ಬಂದು ಹಣ ತೆತ್ತರೆ ಬಿಡುವುದು; ಬಾರದಿದ್ದರೆ ಕೊಲ್ಲುವುದು. ಬೀದಿಯಲ್ಲಿ ವಿಷ ಹಾಕಿ ಕೊಲ್ಲುವುದೂ ಉಂಟು. ಹೀಗೆ, ನಾಯಿಯ ಪ್ರಾಣ ನಿಂತಿದ್ದುದು ‘ಇದು ಯಾರದು?’ ಎಂಬ ಪ್ರಶ್ನೆಯ ಉತ್ತರದ ಮೇಲೆಯೇ. ಒಡೆಯನುಳ್ಳ ನಾಯಿ ಸ್ವತ್ತು. ಒಡೆಯನಿಲ್ಲದ ನಾಯಿ ಕಸ. ಇವೆರಡರ ನಡುವೆ ಮೂರನೆಯ ಸ್ಥಾನವೊಂದು ಕಾನೂನಿನ ಕಣ್ಣಿಗೆ ಕಾಣುತ್ತಿರಲಿಲ್ಲ.

ಮಾಂಟ್‌ಗಾಮರಿ ಬೀದಿಯಲ್ಲಿ ಫ್ರೆಡರಿಕ್ ಮಾರ್ಟಿನ್ ಎಂಬಾತನ ಪಾನಗೃಹವಿತ್ತು. ಅದರ ಬಾಗಿಲಲ್ಲಿ ಬ್ರೂನೋ ಎಂಬ ಜನಪ್ರಿಯವಾದ ನಾಯಿಯೊಂದು ಇದ್ದಿತು. ಯಾರೋ ಅದಕ್ಕೆ ಸ್ಟ್ರಿಕ್ನಿನ್, ಎಂದರೆ ನಮ್ಮ ಕಾಸರಕದ ಬೀಜದಲ್ಲಿರುವ ವಿಷವನ್ನು, ಹಾಕಿ ಕೊಂದರು. ಕೆಲವು ವಾರಗಳು ಕಳೆಯುವುದರೊಳಗಾಗಿ, 1860ರಲ್ಲಿ, ಬರಿದಾದ ಆ ಸ್ಥಳಕ್ಕೆ ಕಪ್ಪು ಬಿಳುಪು ಬಣ್ಣದ ದೊಡ್ಡ ನಾಯಿಯೊಂದು ತಾನಾಗಿ ಬಂದು ಕುಳಿತಿತು. ಅದು ನ್ಯೂಫೌಂಡ್ಲೆಂಡ್ ಜಾತಿಯದು, ಇಲ್ಲವೆ ಆ ಜಾತಿಯ ಬೆರಕೆ. ಅದಕ್ಕೆ ಎರಡು ವಿದ್ಯೆಗಳು ಬರುತ್ತಿದ್ದುವು. ಒಂದು, ಇಲಿಯನ್ನು ಕ್ಷಣಮಾತ್ರದಲ್ಲಿ ಕೊಲ್ಲುವುದು. ಇನ್ನೊಂದು, ದಾರಿಹೋಕರ ಮುಖ ನೋಡಿ ಅವರ ಕೈಯಿಂದ ತುತ್ತು ಗಿಟ್ಟಿಸುವುದು. ಮೊದಲನೆಯ ವಿದ್ಯೆಯಿಂದ ಅದಕ್ಕೆ ಅಂಗಡಿಯವರ ಮರ್ಯಾದೆ ದೊರೆಯಿತು. ಎರಡನೆಯ ವಿದ್ಯೆಯಿಂದ ಹೆಸರು ದೊರೆಯಿತು. ‘ಬಮ್ಮರ್’ ಎಂದರೆ ಆ ಕಾಲದ ಆಡುಮಾತಿನಲ್ಲಿ ಬಿಟ್ಟಿ ಕೂಳಿನವನು, ದುಡಿಯದೆ ತಿರಿದುಣ್ಣುವವನು ಎಂದು ಅರ್ಥ. ದುಡಿದು ತಿನ್ನುತ್ತಿದ್ದ ನಾಯಿಗೆ ಆ ಹೆಸರು ನ್ಯಾಯವಾಗಿ ಸಲ್ಲುತ್ತಿರಲಿಲ್ಲ. ಆದರೆ ಹೆಸರು ಇಡುವವರು ನ್ಯಾಯವನ್ನು ನೋಡುವುದಿಲ್ಲ.

ಮರುವರ್ಷ, ಎಂದರೆ 1861ರಲ್ಲಿ, ನಡೆದ ಒಂದು ಘಟನೆಯಿಂದ ಬಮ್ಮರ್ ಬೀದಿಯ ನಾಯಿಯಾಗಿದ್ದುದು ಊರಿನ ನಾಯಿಯಾಯಿತು. ಬಡಕಲು ನಾಯಿಯೊಂದು ತನಗಿಂತ ದೊಡ್ಡ ನಾಯಿಯ ಬಾಯಿಗೆ ಸಿಕ್ಕಿ ಒದ್ದಾಡುತ್ತಿರಲು, ಬಮ್ಮರ್ ನಡುವೆ ನುಗ್ಗಿ ಅದನ್ನು ಬಿಡಿಸಿತು. ಅದರ ಕಾಲಿಗೆ ಆಳವಾದ ಗಾಯವಾಗಿತ್ತು. ಬದುಕುವುದೆಂದು ನೋಡಿದವರು ಯಾರೂ ನಂಬಲಿಲ್ಲ. ಬಮ್ಮರ್ ತಾನು ತಿರಿದು ತಂದ ತುತ್ತನ್ನು ಅದರ ಮುಂದಿಟ್ಟು ತಿನ್ನಿಸಿತು. ರಾತ್ರಿ ಅದರ ಮೈಗೆ ಮೈಯನ್ನಾನಿಸಿ ಮಲಗಿ ಬೆಚ್ಚಗಿರಿಸಿತು. ಕೆಲವೇ ದಿನಗಳಲ್ಲಿ ಆ ಬಡಕಲು ನಾಯಿ ಎದ್ದು ಬಮ್ಮರಿನ ಹಿಂದೆ ಬೀದಿ ಸುತ್ತತೊಡಗಿತು. ಜನರು ಅದಕ್ಕೆ ಲಾಜರಸ್ ಎಂದು ಹೆಸರಿಟ್ಟರು. ಸತ್ತು ನಾಲ್ಕು ದಿನಗಳಾದ ಮೇಲೆ ಏಸುವಿನಿಂದ ಜೀವ ಪಡೆದನೆಂದು ಕ್ರೈಸ್ತರ ಗ್ರಂಥದಲ್ಲಿ ಹೇಳಿರುವವನ ಹೆಸರದು. ಅದೇ ಗ್ರಂಥದಲ್ಲಿ ಲಾಜರನೆಂಬ ಇನ್ನೊಬ್ಬನಿದ್ದಾನೆ: ಸಿರಿವಂತನ ಬಾಗಿಲಲ್ಲಿ ಬಿದ್ದಿದ್ದ ಭಿಕ್ಷುಕನು, ಅವನ ಹುಣ್ಣುಗಳನ್ನು ನಾಯಿಗಳು ಬಂದು ನೆಕ್ಕುತ್ತಿದ್ದುವಂತೆ. ಈ ನಾಯಿಗೆ ಆ ಎರಡು ಕಥೆಗಳೂ ಒಪ್ಪುತ್ತವೆ.

ಇಲಿಯ ಬೇಟೆಯಲ್ಲಿ ಲಾಜರಸ್ ತನ್ನ ಗುರುವನ್ನೂ ಮೀರಿಸಿತು. ಇಪ್ಪತ್ತು ನಿಮಿಷಗಳಲ್ಲಿ ಎರಡೂ ಸೇರಿ ಎಂಬತ್ತೈದು ಇಲಿಗಳನ್ನು ಮುಗಿಸಿದುವೆಂದು ಪತ್ರಿಕೆಗಳು ಬರೆದುವು. ಪತ್ರಿಕೆಗಳ ಮಾತು ಬಂದುದರಿಂದ ಇಲ್ಲಿ ಒಂದು ಸಂಗತಿಯನ್ನು ಹೇಳಬೇಕು. ಆಗ ದೇಶದ ಪೂರ್ವಭಾಗದಲ್ಲಿ ಅಂತರ್ಯುದ್ಧವು ನಡೆಯುತ್ತಿತ್ತು. ಪತ್ರಿಕೆಗಳ ತುಂಬ ಸಾವಿನ ಸುದ್ದಿ. ಅದರ ನಡುವೆ ಓದುಗರ ಮುಖ ಅರಳಿಸುವ ವಾರ್ತೆಯೊಂದು ಬೇಕಾಗಿತ್ತು. ‘ಆಲ್ಟಾ ಕ್ಯಾಲಿಫೋರ್ನಿಯ’, ‘ಬುಲೆಟಿನ್’, ‘ಮಾರ್ನಿಂಗ್ ಕಾಲ್’ ಮೊದಲಾದ ಪತ್ರಿಕೆಗಳು ಪೈಪೋಟಿಯಿಂದ ಈ ಎರಡು ನಾಯಿಗಳ ದಿನಚರಿಯನ್ನು ಬರೆದುವು. ಬರೆಯುವವರು ಎರಡಕ್ಕೂ ಒಂದೊಂದು ಪಾತ್ರವನ್ನು ಹಂಚಿದರು. ಬಮ್ಮರ್ ಕೆಟ್ಟ ದೆಸೆಗೆ ಸಿಕ್ಕಿದ ಸಂಭಾವಿತನು, ಲಾಜರಸ್ ಸಮಯಸಾಧಕನು. ಲಾಜರಸ್ಸನ್ನು ಬದುಕಿಸಿದ ಕೆಲವು ತಿಂಗಳಲ್ಲಿಯೇ ಬಮ್ಮರಿನ ಕಾಲಿಗೆ ಯಾರದೋ ಗುಂಡು ತಗಲಿ ಅದು ಮಲಗಿದಾಗ, ಲಾಜರಸ್ ಬೇರೊಂದು ನಾಯಿಯ ಜೊತೆ ತಿರುಗಲು ಹೋಯಿತು. ಪತ್ರಿಕೆಗಳು ಕೃತಘ್ನನೆಂದು ಅದನ್ನು ಬೈದುವು. ಬಮ್ಮರ್ ಗುಣವಾಗಿ ಎದ್ದ ಮೇಲೆ ಅದು ಹಿಂದಿರುಗಿತು. ಬಮ್ಮರ್ ಅದನ್ನು ಮರಳಿ ಸೇರಿಸಿಕೊಂಡಿತು. ಬಮ್ಮರಿಗೆ ಪತ್ರಿಕೆ ಓದಲು ಬಾರದಿದ್ದುದು ಒಳ್ಳೆಯದೇ ಆಯಿತು.

ಇನ್ನು ಈ ಚರಿತ್ರೆಯ ಮುಖ್ಯ ಘಟನೆ. 1862ರ ಜೂನ್ 14ರಂದು, ಕೆಲಸಕ್ಕೆ ಹೊಸದಾಗಿ ಸೇರಿದ್ದ ನಾಯಿ ಹಿಡಿಯುವವನೊಬ್ಬನು ಲಾಜರಸ್ಸನ್ನು ಹಿಡಿದು ದೊಡ್ಡಿಗೆ ಸೇರಿಸಿದನು. ಅವನ ತಪ್ಪೇನೂ ಇರಲಿಲ್ಲ. ಅಲೆಯುವ ನಾಯಿಯನ್ನು ಹಿಡಿಯೆಂದು ಶಾಸನ ಹೇಳಿತ್ತು, ಅವನು ಹಿಡಿದನು. ಆದರೆ ಸುದ್ದಿ ಬೀದಿಗೆ ತಲಪುತ್ತಲೇ ಜನರು ಗುಂಪುಕೂಡಿ ನಾಯಿಯನ್ನು ಬಿಡಿರೆಂದು ಹಟ ಹಿಡಿದರು. ಅಷ್ಟಕ್ಕೆ ನಿಲ್ಲದೆ, ಈ ಎರಡು ನಾಯಿಗಳಿಗೂ ಆ ಶಾಸನದಿಂದ ವಿನಾಯಿತಿ ಕೊಡಬೇಕೆಂದು ನಗರದ ಆಡಳಿತ ಸಭೆಗೆ ಬಿನ್ನಹ ಮಾಡಿಕೊಂಡರು. ಸಭೆಯವರು ಒಪ್ಪಿದರು. ಲಾಜರಸ್ಸಿಗೆ ಬಿಡುಗಡೆಯಾಯಿತು, ಬಮ್ಮರ್ ಮತ್ತು ಲಾಜರಸ್ ಎಂಬ ಎರಡು ನಾಯಿಗಳು ಯಾರ ತಡೆಯೂ ಇಲ್ಲದೆ ಊರಿನಲ್ಲಿ ತಿರುಗಬಹುದೆಂದು ತೀರ್ಮಾನವಾಯಿತು. ಇದಾದ ಒಂದು ವಾರದಲ್ಲಿ ಇವೆರಡೂ ಸೇರಿ ಬೆದರಿ ಓಡುತ್ತಿದ್ದ ಕುದುರೆಯೊಂದನ್ನು ತಡೆದು ನಿಲ್ಲಿಸಿದುವು. ಊರಿನ ಜನರಿಗೆ ತಮ್ಮ ತೀರ್ಮಾನ ಸರಿಯೆಂಬುದಕ್ಕೆ ಸಾಕ್ಷಿಯೇ ದೊರೆತಂತಾಯಿತು.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಸ್ವತ್ತು, ಕಸ ಎಂಬ ಎರಡೇ ಸ್ಥಾನಗಳಿದ್ದ ಕಡೆ ಜನರು ಬಲವಂತವಾಗಿ ಮೂರನೆಯ ಸ್ಥಾನವೊಂದನ್ನು ಮಾಡಿಸಿದರು. ಇದು ಸಣ್ಣ ಮಾತಲ್ಲ. ಆದರೆ ಆ ಸ್ಥಾನದಲ್ಲಿ ಎರಡು ನಾಯಿಗಳಿಗೆ ಮಾತ್ರ ಜಾಗವಿತ್ತು. ಅದೇ ದೊಡ್ಡಿಯಲ್ಲಿದ್ದ ಮಿಕ್ಕ ನಾಯಿಗಳಿಗೆ ಹೆಸರಿರಲಿಲ್ಲ. ಅವುಗಳ ಪರವಾಗಿ ಬಿನ್ನಹವೂ ಇರಲಿಲ್ಲ. ಶಾಸನವು ತಪ್ಪೆಂದು ಜನರು ಹೇಳಲಿಲ್ಲ; ನಮ್ಮ ನಾಯಿಗೆ ಅದು ಬೇಡವೆಂದು ಹೇಳಿದರು. ನಾವೂ ಅನೇಕ ವಿಷಯಗಳಲ್ಲಿ ಹೀಗೆಯೇ ಮಾಡುವುದರಿಂದ ಅವರನ್ನು ಹಳಿಯುವ ಅಧಿಕಾರ ನಮಗಿಲ್ಲ. ಮುಖ ನೋಡಿ ಬಲ್ಲವರ ಮೇಲೆ ದಯೆ ಬರುವುದು ಮನುಷ್ಯಸ್ವಭಾವ. ಮುಖ ಕಾಣದವರ ಮೇಲೆ ದಯೆ ಹರಿಯಬೇಕಾದರೆ ಅದಕ್ಕೆ ಯೋಚನೆಯ ನೆರವು ಬೇಕು.

ವಿನಾಯಿತಿಯ ಇನ್ನೊಂದು ಮುಖವೂ ಬೇಗನೆ ಕಾಣಿಸಿತು. 1863ರ ಅಕ್ಟೋಬರಿನಲ್ಲಿ ಲಾಜರಸ್ ಸತ್ತಿತು. ಬೆಂಕಿ ಆರಿಸುವ ಬಂಡಿಯ ಕುದುರೆ ಒದ್ದುದರಿಂದ ಸತ್ತಿತೆಂದು ಕೆಲವರು ಹೇಳಿದರು. ಹೆಚ್ಚು ಮಂದಿ ಒಪ್ಪುವ ಸಂಗತಿ ಬೇರೆ: ಅದು ಹುಡುಗನೊಬ್ಬನನ್ನು ಕಚ್ಚಿತು, ಆ ಸಿಟ್ಟಿನಿಂದ ಯಾರೋ ವಿಷ ಬೆರೆಸಿದ ಮಾಂಸವನ್ನು ಅದಕ್ಕೆ ಹಾಕಿದರು. ವಿಷವಿಟ್ಟವನನ್ನು ಹಿಡಿದುಕೊಟ್ಟವರಿಗೆ ಐವತ್ತು ಡಾಲರುಗಳ ಬಹುಮಾನವನ್ನು ನಾಗರಿಕರು ಘೋಷಿಸಿದರು. ಪತ್ರಿಕೆಗಳಲ್ಲಿ ದೀರ್ಘವಾದ ಶೋಕಲೇಖನ ಬಂತು. ಎಡ್ವರ್ಡ್ ಜಂಪ್ ಎಂಬ ವ್ಯಂಗ್ಯಚಿತ್ರಕಾರನು ಲಾಜರಸ್ಸಿನ ಶವಸಂಸ್ಕಾರವನ್ನು ರಾಜವೈಭವದಿಂದ ಚಿತ್ರಿಸಿದನು. ಕಥೆಯು ಮಾತ್ರ ಆ ಹುಡುಗನನ್ನು ಅಲ್ಲಿಯೇ ಬಿಟ್ಟು ಮುಂದಕ್ಕೆ ಹೋಗುತ್ತದೆ. ನಾಯಿಯ ಕಡಿತವೆಂದರೆ ಆ ಕಾಲದಲ್ಲಿ ಎಷ್ಟು ಭಯವೆಂಬುದನ್ನು ಯೋಚಿಸಿರಿ. ಹುಚ್ಚುನಾಯಿ ಕಡಿತಕ್ಕೆ ಲೂಯಿ ಪಾಶ್ಚರನ ಲಸಿಕೆಯು ಮನುಷ್ಯನ ಮೇಲೆ ಮೊದಲು ಪ್ರಯೋಗವಾದದ್ದು 1885ರ ಜುಲೈನಲ್ಲಿ, ಎಂದರೆ ಇಪ್ಪತ್ತೆರಡು ವರ್ಷಗಳ ತರುವಾಯ. ಕಚ್ಚಿಸಿಕೊಂಡ ಹುಡುಗನ ತಾಯಿತಂದೆಗಳು ಯಾರ ಮನೆಯ ಬಾಗಿಲಿಗೆ ಹೋಗಿ ಕೇಳಬೇಕಾಗಿತ್ತು? ನಾಯಿಯು ಎಲ್ಲರದು; ಆದುದರಿಂದ ಉತ್ತರ ಹೇಳಬೇಕಾದವನು ಯಾವನೂ ಇಲ್ಲ. ಹಕ್ಕು ಊರಿನದಾಗಿ, ಹೊಣೆ ಯಾರದೂ ಆಗದಿದ್ದರೆ ಕೊನೆಗೆ ಉಳಿಯುವುದು ವಿಷವೊಂದೇ. ವಿಷವಿಟ್ಟವನ ಕೃತ್ಯ ಕ್ರೂರವಾದುದು. ಆದರೆ ಅದಕ್ಕೆ ದಾರಿ ಬಿಟ್ಟುಕೊಟ್ಟುದು ಊರಿನ ಅಜಾಗರೂಕತೆ.

ಲಾಜರಸ್ಸನ್ನು ಮಣ್ಣುಮಾಡಬೇಕೆಂಬುದು ಜನರ ಬಯಕೆಯಾಗಿತ್ತು. ಮಾರ್ಟಿನನು ಹಾಗೆ ಮಾಡದೆ, ಅದರ ಚರ್ಮವನ್ನು ಹದಮಾಡಿಸಿ ತುಂಬಿಸಿ, ತನ್ನ ಪಾನಗೃಹದಲ್ಲಿ ನಿಲ್ಲಿಸಿದನು. ಬಮ್ಮರ್ ಆ ಬಾಗಿಲಲ್ಲಿ ಇನ್ನೂ ಎರಡು ವರ್ಷ ಬಾಳಿತು. ಆದರೆ ಜೋಡಿ ಮುರಿದ ಮೇಲೆ ಪತ್ರಿಕೆಗಳಿಗೆ ಅದರಲ್ಲಿ ಮೊದಲಿನ ಸ್ವಾರಸ್ಯ ಕಾಣಿಸಲಿಲ್ಲ. ವಯಸ್ಸಾದ ಒಂಟಿ ನಾಯಿಯ ಮೇಲೆ ಏನು ಬರೆಯುವುದು? ಕಡೆಗೆ ಕುಡುಕನೊಬ್ಬನು ಅದನ್ನು ಬಲವಾಗಿ ಒದ್ದನು. ಬಹಳ ನರಳಿ, 1865ರ ನವೆಂಬರ್ 2ರಂದು ಬಮ್ಮರ್ ಸತ್ತಿತು. ಒದ್ದವನನ್ನು ಸೆರೆಗೆ ಹಾಕಿದರು. ಅಲ್ಲಿ ಅವನ ಜೊತೆಯ ಕೈದಿಯು ಅವನ ಅಪರಾಧವೇನೆಂದು ತಿಳಿದೊಡನೆ ಅವನ ಮೂಗಿಗೆ ಗುದ್ದಿದನೆಂದು ಹೇಳುತ್ತಾರೆ. ಆಗಿನ್ನೂ ತರುಣ ಪತ್ರಿಕಾಲೇಖಕನಾಗಿದ್ದ ಮಾರ್ಕ್ ಟ್ವೈನನು ಬಮ್ಮರಿನ ಮರಣವನ್ನು ಕುರಿತು ಅರ್ಧ ವಿನೋದವೂ ಅರ್ಧ ಮರುಕವೂ ಆದ ಲೇಖನವನ್ನು ಬರೆದನು. ಅದೇ ತಿಂಗಳು 18ರಂದು ನ್ಯೂಯಾರ್ಕಿನಲ್ಲಿ ಪ್ರಕಟವಾದ ಅವನ ನೆಗೆಯುವ ಕಪ್ಪೆಯ ಕಥೆಯಿಂದ ಅವನ ಹೆಸರು ದೇಶದಲ್ಲೆಲ್ಲ ಹಬ್ಬಿತು.

ಈ ನಾಯಿಗಳು ನಾರ್ಟನ್ ಎಂಬಾತನ ಸ್ವಂತದವೆಂದು ಅನೇಕ ಪುಸ್ತಕಗಳಲ್ಲಿ ಬರೆದಿದೆ. ಅದು ನಿಜವಲ್ಲ. ಜೋಶುವ ನಾರ್ಟನ್ ವ್ಯಾಪಾರದಲ್ಲಿ ದಿವಾಳಿಯಾದ ವರ್ತಕನು. 1859ರಲ್ಲಿ ತಾನು ಅಮೆರಿಕ ಸಂಯುಕ್ತ ಸಂಸ್ಥಾನಗಳ ಚಕ್ರವರ್ತಿಯೆಂದು ಸಾರಿಕೊಂಡು, 1880ರಲ್ಲಿ ಸಾಯುವವರೆಗೆ ಆ ವೇಷದಲ್ಲಿಯೇ ಊರಿನಲ್ಲಿ ತಿರುಗಿದನು. ಜಂಪನು ತನ್ನ ಚಿತ್ರಗಳಲ್ಲಿ ಆ ಬಡ ಚಕ್ರವರ್ತಿಯನ್ನೂ ನಾಯಿಗಳನ್ನೂ ಒಟ್ಟಿಗೆ ಬರೆದುದರಿಂದ ಈ ಕಥೆ ಹುಟ್ಟಿತು. ಯಾರದೂ ಅಲ್ಲದ ನಾಯಿಗೆ ಒಬ್ಬ ಒಡೆಯನನ್ನು ಹುಡುಕಿ ಕೊಡುವವರೆಗೆ ನಮ್ಮ ಮನಸ್ಸಿಗೆ ಸಮಾಧಾನವಿಲ್ಲವೆಂಬುದಕ್ಕೆ ಇದೊಂದು ನಿದರ್ಶನ. ತುಂಬಿಸಿಟ್ಟ ಎರಡು ನಾಯಿಗಳೂ 1906ರಲ್ಲಿ ನಗರದ ವಸ್ತುಸಂಗ್ರಹಾಲಯಕ್ಕೆ ಸೇರಿ, 1910ರಲ್ಲಿ ನಾಶವಾದುವು. 1992ರ ಮಾರ್ಚ್ 28ರಂದು, ಮಾಂಟ್‌ಗಾಮರಿ ಬೀದಿಯ ಪಕ್ಕದ ಸಣ್ಣ ಉದ್ಯಾನವೊಂದರಲ್ಲಿ ಅವುಗಳ ನೆನಪಿಗಾಗಿ ಲೋಹದ ಫಲಕವನ್ನು ಸ್ಥಾಪಿಸಿದರು.

ಇಷ್ಟು ಚರಿತ್ರೆ. ಇದನ್ನು ಕೇಳಿದ ಮೇಲೆ ಮೊದಲಿನ ಪ್ರಶ್ನೆಗೆ ಬರೋಣ. ಆ ಊರು ಬಮ್ಮರನ್ನು ಸಾಕಿತೇ, ಇಲ್ಲವೆ ಮೆಚ್ಚಿತೇ? ಮೆಚ್ಚುವುದು ಬೇರೆ, ಸಾಕುವುದು ಬೇರೆ. ಮೆಚ್ಚಿದವನು ತುತ್ತು ಹಾಕಿ ಮುಂದೆ ಹೋಗುತ್ತಾನೆ. ಸಾಕಿದವನು ನಾಯಿಗೆ ಮುಪ್ಪು ಬಂದಾಗ ನೋಡುತ್ತಾನೆ, ರೋಗ ಬಂದಾಗ ನೋಡುತ್ತಾನೆ. ಅದು ನೆರೆಮನೆಯ ಮಗುವನ್ನು ಕಚ್ಚಿದರೆ ಆ ಮನೆಯ ಬಾಗಿಲಿಗೆ ಹೋಗಿ ತಲೆತಗ್ಗಿಸಿ ನಿಲ್ಲುತ್ತಾನೆ. ಸಾನ್ ಫ್ರಾನ್ಸಿಸ್ಕೋ ನಗರದವರು ತಮ್ಮ ನಾಯಿಗಳನ್ನು ಮನಸಾರೆ ಮೆಚ್ಚಿದರು, ಒಂದು ದಿನ, 1862ರ ಜೂನ್ ತಿಂಗಳಿನಲ್ಲಿ, ಸಾಕುವುದರ ಅಂಚಿನವರೆಗೂ ಬಂದರು, ಮುಂದಕ್ಕೆ ಹೆಜ್ಜೆಯಿಡಲಿಲ್ಲ.

ಆ ಮುಂದಿನ ಹೆಜ್ಜೆ ಯಾವುದೆಂಬುದು ಅವರಿಗೆ ತಿಳಿಯುವಂತಿರಲಿಲ್ಲ, ನಮಗೆ ತಿಳಿದಿದೆ. ಒಂದು ಊರಿನ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆ ಹಾಕಿ, ಅದನ್ನು ತಪ್ಪದೆ ನಡೆಸಿಕೊಂಡು ಬಂದರೆ, ಹುಚ್ಚುನಾಯಿ ರೋಗದ ಸರಪಳಿ ಕಡಿದುಹೋಗುವುದೆಂದು ವೈದ್ಯಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಹಾಗಿದ್ದರೂ, 2015ರಲ್ಲಿ ಪ್ರಕಟವಾದ ಅಂದಾಜಿನಂತೆ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 59,000 ಜನರು ಈ ರೋಗದಿಂದ ಸಾಯುತ್ತಿದ್ದರು. ಅವರಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮಂದಿ ನಮ್ಮ ದೇಶದವರು. ನಮ್ಮಲ್ಲಿ 2001ರಲ್ಲಿ ಹೊರಟ ನಿಯಮಗಳು, ಬೀದಿನಾಯಿಗಳನ್ನು ಕೊಲ್ಲುವುದಕ್ಕೆ ಬದಲಾಗಿ, ಅವುಗಳನ್ನು ಹಿಡಿದು, ಮರಿಹಾಕದಂತೆ ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಸ್ಥಳದಲ್ಲಿಯೇ ಬಿಡತಕ್ಕದ್ದೆಂಬ ಪದ್ಧತಿಯನ್ನು ತಂದುವು. 2023ರ ನಿಯಮಗಳು ಇಂಥ ನಾಯಿಯನ್ನು ಸಮುದಾಯದ ಪ್ರಾಣಿಯೆಂದು ಕರೆದುವು. ಬಮ್ಮರಿಗೂ ಲಾಜರಸ್ಸಿಗೂ ಮಾತ್ರ ದೊರೆತಿದ್ದ ಮೂರನೆಯ ಸ್ಥಾನಕ್ಕೆ ಹೀಗೆ ಹೆಸರೊಂದು ಸಿಕ್ಕಿತು. ಈ ಪದ್ಧತಿ ಸಾಲದೆಂದೂ, ಕಚ್ಚಿಸಿಕೊಳ್ಳುವ ಮಕ್ಕಳ ಗತಿಯೇನೆಂದೂ 2025ರಲ್ಲಿ ದೇಶದ ಸರ್ವೋನ್ನತ ನ್ಯಾಯಾಲಯದವರೆಗೆ ವಾದ ನಡೆಯಿತು. ವಾದದ ಎರಡು ಕಡೆಯಲ್ಲಿಯೂ ನೋವಿದೆ. ನಾಯಿಯ ಪರವಾಗಿ ಮಾತನಾಡುವವರು ಆ ಹುಡುಗನನ್ನು ಮರೆಯಬಾರದು. ಹುಡುಗನ ಪರವಾಗಿ ಮಾತನಾಡುವವರು ವಿಷದ ಮಾಂಸವೇ ಪರಿಹಾರವೆಂದು ತಿಳಿಯಬಾರದು.

ಮನೆಯ ಮುಂದಿನ ನಾಯಿಗೆ ದಿನವೂ ಅನ್ನ ಹಾಕುವ ಮಹನೀಯರೂ ಮಹಿಳೆಯರೂ ಈ ಭಾಷಣವನ್ನು ಕೇಳುತ್ತಿರಬಹುದು. ಅದು ಪುಣ್ಯದ ಕೆಲಸವೇ. ಅನ್ನದ ಜೊತೆಗೆ ಅದಕ್ಕೆ ಲಸಿಕೆ ಆಗಿದೆಯೇ, ಮರಿಗಳು ಹೆಚ್ಚದಂತೆ ಏರ್ಪಾಡಾಗಿದೆಯೇ ಎಂದು ಕೂಡ ವಿಚಾರಿಸಿಕೊಂಡರೆ, ಆ ಬೀದಿಯು ನಾಯಿಯನ್ನು ಮೆಚ್ಚುವುದನ್ನು ದಾಟಿ ಸಾಕುವುದಕ್ಕೆ ತೊಡಗಿದಂತಾಗುತ್ತದೆ. ಆಗ ‘ಇದು ಯಾರದು?’ ಎಂದು ಕೇಳಿದವರಿಗೆ ‘ಬೀದಿಯದು’ ಎಂದು ಹೇಳಿದರೆ, ಆ ಮಾತು ನುಣುಚಿಕೊಳ್ಳುವ ಮಾತಾಗುವುದಿಲ್ಲ. ಹೊಣೆ ಹೊತ್ತವರ ಮಾತಾಗುತ್ತದೆ.